ಮಾಸ್ತರರ ಉಸಿರಿಗೆ ಸಿಂಥ್ ಹುಡುಕಿದ ಚಳಿಗಾಲ

ಹಿತ್ತಾಳೆಗೆ ಹುಣಸೆಹಣ್ಣು ಹಾಕಿ ಉಜ್ಜಿದಾಗ ಏಳುವ ಹುಳಿ ವಾಸನೆಗೆ ಬೇರೆಯವರಿಗೆ ಹಬ್ಬ ನೆನಪಾಗಬಹುದು. ನನಗೆ ನೆನಪಾಗುವುದು ತರೀಕೆರೆಯ ಒಂದು ತಗಡಿನ ಶೆಡ್ಡು. ಮೊನ್ನೆ ಅಡುಗೆಮನೆಯಲ್ಲಿ ದೀಪದ ಕಂಬ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸುವುದನ್ನೇ ಮರೆತು ನಿಂತುಬಿಟ್ಟೆ. ಆ ಶೆಡ್ಡಿನಲ್ಲಿ ನಾನು ಕಳೆದದ್ದು ಒಂದೇ ಒಂದು ಚಳಿಗಾಲ, ಅದರಲ್ಲೂ ಬರೀ ಭಾನುವಾರಗಳು. ಆದರೂ ಸಂಗೀತದ ಬಗ್ಗೆ ನನಗೂ ನಾಲ್ಕು ವಿಷಯ ಗೊತ್ತು ಎಂದು ಇವತ್ತು ಧೈರ್ಯವಾಗಿ ಹೇಳಿಕೊಳ್ಳುತ್ತೇನಾದರೆ ಅದು ಆ ಭಾನುವಾರಗಳ ಬಲದಿಂದ.

ಆಗ ನಾನು ಕಡೂರಿನ ಒಂದು ಖಾಸಗಿ ತರಬೇತಿ ಕೇಂದ್ರದಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದೆ. ಹಗಲೆಲ್ಲ ಸೋಲ್ಡರಿಂಗ್ ಹೊಗೆ, ಸಂಜೆ ಬಾಡಿಗೆ ಮನೆಯಲ್ಲಿ ಲ್ಯಾಪ್‌ಟಾಪು ಮತ್ತು ಹೆಡ್‌ಫೋನು. ಎಲೆಕ್ಟ್ರಾನಿಕ್ ಸಂಗೀತ ಕಟ್ಟುವುದು ನನ್ನ ಹುಚ್ಚು. ಸಿಂಥಸೈಜರ್, ಚಿಕ್ಕದಾಗಿ ಸಿಂಥ್, ಎಂದರೆ ಒಂದು ಕಾಲಕ್ಕೆ ಗುಂಡಿ ವೈರುಗಳ ದೊಡ್ಡ ಪೆಟ್ಟಿಗೆ; ಈಗ ಅದು ಕಂಪ್ಯೂಟರಿನೊಳಗೆ ಕೂರುವ ಸಾಫ್ಟ್‌ವೇರ್. ಲೆಕ್ಕ ಹಾಕಿ ಹಾಕಿಯೇ ದನಿ ಹುಟ್ಟಿಸುತ್ತದೆ. ಇಂಥವು ನೂರಾರಿವೆ. ಯಾವುದು ಮೇಲು, ಯಾವುದು ಕೀಳು ಎಂದು ಜನ ಇಂಟರ್‌ನೆಟ್ಟಿನಲ್ಲಿ ಜಡೆ ಹಿಡಿದು ಜಗಳವಾಡುತ್ತಾರೆ. ಮುಖ ನೋಡದವರ ಜತೆ ನಾನೂ ವಾರಗಟ್ಟಲೆ ಆಡಿದ್ದೇನೆ, ಹೆಚ್ಚು ಸಲ ಗೆದ್ದಿದ್ದೇನೆ. ನನ್ನ ಮಾತಿಗೆ ಎದುರಾಡಿದವರನ್ನು ಸುಮ್ಮನೆ ಬಿಡುವ ಜಾಯಮಾನ ನನ್ನದಲ್ಲ.

ನನ್ನ ತರಗತಿಯಲ್ಲಿ ಲತಾ ಎಂಬ ಹುಡುಗಿಯಿದ್ದಳು. ಅಜ್ಜಂಪುರದಿಂದ ದಿನಾ ರೈಲಿನಲ್ಲಿ ಬಂದುಹೋಗುತ್ತಿದ್ದಳು. ಅವಳ ಅಪ್ಪ ರಂಗಪ್ಪ, ಮದುವೆ ಮೆರವಣಿಗೆಗಳಿಗೆ ಹೋಗುವ ತರೀಕೆರೆಯ ಬ್ಯಾಂಡ್‌ಸೆಟ್ಟಿನಲ್ಲಿ ದೊಡ್ಡ ಡ್ರಮ್ಮು ಬಾರಿಸುವವರು. ದೀಪಾವಳಿ ಕಳೆದು ಕೆಲವು ವಾರಗಳಾಗಿದ್ದವು. ಉಳಿದವರು ಊಟಕ್ಕೆ ಎದ್ದುಹೋದ ಮೇಲೆ ಅವಳು ನನ್ನ ಮೇಜಿನ ಬಳಿ ಬಂದು ನಿಂತಳು.

"ಮಿಸ್, ನಿಮ್ ಲ್ಯಾಪ್‌ಟಾಪಲ್ಲಿ ಕ್ಲಾರಿನೆಟ್ ಬರುತ್ತಾ?"

"ಏನು ಬೇಕಾದರೂ ಬರುತ್ತೆ."

"ಬಾಯಿ ಸೊಟ್ಟಗಾದೋರು ಊದಿದ್ರೂ ಬತ್ತದಾ?"

ಹುಡುಗಾಟಕ್ಕೆ ಕೇಳುತ್ತಿದ್ದಾಳೆ ಎಂದುಕೊಂಡು ತಲೆ ಎತ್ತಿದೆ. ಅವಳ ಕಣ್ಣು ತುಂಬಿತ್ತು.

ಬ್ಯಾಂಡಿನ ಮುಖ್ಯಸ್ಥರು ಸತ್ತಾರ್ ಮಾಸ್ತರು. ಮೂವತ್ತು ವರ್ಷದಿಂದ ಕ್ಲಾರಿನೆಟ್ ಹಿಡಿದು ಮೊದಲ ಸಾಲಿನಲ್ಲಿ ನಡೆದವರು. ದೀಪಾವಳಿಯ ಮಾರನೆಯ ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಬಲಗಡೆಯ ತುಟಿಯಂಚಿನಿಂದ ತಾನಾಗಿ ಸುರಿದುಹೋಯಿತಂತೆ. ಮುಖದ ನರ ಸೋತಿದೆ ಎಂದರು ಡಾಕ್ಟರು. ಔಷಧಿಗೆ ಕಣ್ಣು, ಕೆನ್ನೆ ಸರಿಹೋದವು. ತುಟಿಯ ಆ ಮೂಲೆ ಮಾತ್ರ ಬಿಗಿಯಾಗಲೇ ಇಲ್ಲ. ಕ್ಲಾರಿನೆಟ್ ಹಿಡಿಯಲು ತುಟಿ ನಾಲ್ಕೂ ಕಡೆ ಕಚ್ಚಿಕೊಂಡಿರಬೇಕು. ಊದಿದರೆ ಫುಸ್ಸೆಂದು ಗಾಳಿ ಸೋರುತ್ತಿತ್ತು, ಸ್ವರ ಹುಟ್ಟುತ್ತಿರಲಿಲ್ಲ. ಅವರು ವಾದ್ಯವನ್ನು ಪೆಟ್ಟಿಗೆಯಲ್ಲಿಟ್ಟು, ಬ್ಯಾಂಡಿನ ಹಿಂದಿನ ಸಾಲಿಗೆ ಹೋಗಿ, ತಾಳ ಹಿಡಿದು ನಿಂತುಬಿಟ್ಟಿದ್ದರು. ತಪ್ಪು ನುಡಿಸಿದವರನ್ನು ಮೆರವಣಿಗೆಯಲ್ಲೇ ಬೈಯುತ್ತಿದ್ದವರು ಆಮೇಲೆ ಯಾರಿಗೂ ಒಂದು ಮಾತು ಬೈದಿಲ್ಲವಂತೆ.

"ಮಾಘದಾಗೆ ನನ್ ಮದ್ವೆ ಮಿಸ್," ಎಂದಳು ಲತಾ. "ಹುಡ್ಗ ಶಿವನಿ ಊರ್ನೋನು. ಅಜ್ಜಂಪುರದಾಗೇ ಛತ್ರ. ಬೀಗ್ರನ್ನ ಎದುರುಗೊಳ್ಳೋವಾಗ ಸತ್ತಾರ್ ಮಾಮ ನುಡಿಸ್ಲಿಲ್ಲ ಅಂದ್ರೆ ಬ್ಯಾಂಡೇ ಬ್ಯಾಡ ಅಂತವ್ರೆ ಅಪ್ಪ. ಮಾಮ ನೋಡಿದ್ರೆ, ನಂದು ಮುಗೀತು ಕಣಮ್ಮ ಅಂತ ಕುಂತವ್ರೆ."

"ಮುಗಿದಿಲ್ಲ ಅಂತ ಹೇಳು," ಎಂದೆ. ಅವರ ಮುಖವನ್ನೇ ನೋಡದೆ ಹಾಗೆ ಹೇಳುವಷ್ಟು ಧಿಮಾಕು ಆಗ ನನಗಿತ್ತು.

ಉಸಿರಿನಿಂದ ನಡೆಯುವ ಒಂದು ಕೊಳವೆ ಸಿಗುತ್ತದೆ. ನೋಡಲು ಕ್ಲಾರಿನೆಟ್ಟಿನ ಹಾಗೇ ಇರುವ ಕರಿಯ ಪ್ಲಾಸ್ಟಿಕ್. ಅದಕ್ಕೆ ಸ್ವಂತ ದನಿಯಿಲ್ಲ. ಎಷ್ಟು ಜೋರಾಗಿ ಊದಿದಿರಿ, ಯಾವ ಬೆರಳು ಎಲ್ಲಿಟ್ಟಿರಿ ಎನ್ನುವುದನ್ನಷ್ಟೇ ವೈರಿನ ಮೂಲಕ ಕಂಪ್ಯೂಟರಿಗೆ ತಿಳಿಸುತ್ತದೆ. ತುಟಿ ಬಿಗಿಹಿಡಿಯಬೇಕಾಗಿಲ್ಲ, ಅಷ್ಟಿಷ್ಟು ಸೋರಿದರೂ ನಡೆಯುತ್ತದೆ. ದನಿ ಕೊಡಬೇಕಾದದ್ದು ಒಳಗಿರುವ ಸಿಂಥ್. ಆದ್ದರಿಂದ ಕೊಳವೆ ತರಿಸುವುದು ಸುಲಭದ ಕೆಲಸ, ಸಿಂಥ್ ಆರಿಸುವುದೇ ನಿಜವಾದ ಕೆಲಸ. ಅದು ನನಗೆ ನೀರು ಕುಡಿದಷ್ಟು ಸುಲಭ ಎಂದುಕೊಂಡಿದ್ದೆ.

ಧನುರ್ಮಾಸದ ಮೊದಲ ಭಾನುವಾರ, ತರಿಸಿದ ಕೊಳವೆ, ಲ್ಯಾಪ್‌ಟಾಪು ತುಂಬಿದ ಚೀಲ ಹೆಗಲಿಗೇರಿಸಿ ತರೀಕೆರೆ ಬಸ್ಸು ಹತ್ತಿದೆ. ಮದುವೆಗಳಿಲ್ಲದ ತಿಂಗಳು, ಬ್ಯಾಂಡಿನವರಿಗೆ ವಾದ್ಯಗಳ ಆರೈಕೆಯ ತಿಂಗಳು. ಶೆಡ್ಡಿನ ಮುಂದೆ ಗೋಣಿಚೀಲ ಹಾಸಿಕೊಂಡು ಕೂತು ಹಿತ್ತಾಳೆ ವಾದ್ಯಗಳಿಗೆ ಹುಣಸೆಹಣ್ಣು, ಬೂದಿ ಹಚ್ಚಿ ಉಜ್ಜುತ್ತಿದ್ದರು. ಡ್ರಮ್ಮುಗಳು ಎಳೆಬಿಸಿಲಿಗೆ ಮೈಯೊಡ್ಡಿ ಕೂತಿದ್ದವು. ಬೆಳಗಿನ ಚಳಿಗೆ ಎಲ್ಲರ ತಲೆಯ ಮೇಲೂ ಮಫ್ಲರು. ರಂಗಪ್ಪ ನನ್ನನ್ನು ನೋಡಿದ್ದೇ ಕೈಯ ಬೂದಿ ಕೊಡವಿ ಎದ್ದರು.

"ಲೇ ಸತ್ತಾರ, ಮೇಡಮ್ನೋರು ಬಂದ್ರು ಕಣೋ. ಎದ್ದು ಬಾರೋ ಇತ್ಲಾಗೆ."

ಮಾಸ್ತರು ಗೋಡೆಗೊರಗಿ ಕೂತಿದ್ದರು. ತೆಳ್ಳಗಿನ ದೇಹ, ಇಸ್ತ್ರಿ ಮಾಡಿದ ಬಿಳಿ ಜುಬ್ಬಾ, ಬಾಯಿಯ ಮೇಲೊಂದು ಕರವಸ್ತ್ರ. ನನ್ನನ್ನು ಕಂಡು ಎದ್ದು ನಿಂತು ಕೈಮುಗಿದರು. ಅವತ್ತೆಲ್ಲ ಅವರ ಬಾಯಿಂದ ಹತ್ತು ಮಾತು ಬಂದಿದ್ದರೆ ಹೆಚ್ಚು.

ನಾನು ಮೂರು ಸಿಂಥ್‌ಗಳನ್ನು ತುಂಬಿಕೊಂಡು ಹೋಗಿದ್ದೆ. ಅವುಗಳ ಇಂಗ್ಲಿಷ್ ಹೆಸರು ಅಲ್ಲಿ ಯಾರ ನಾಲಿಗೆಗೂ ಹತ್ತಲಿಲ್ಲ. ಪರದೆಯ ಬಣ್ಣ ನೋಡಿ ರಂಗಪ್ಪನೇ ನಾಮಕರಣ ಮಾಡಿದರು: ಬಿಳಿ, ನೀಲಿ, ಬೂದು. ಬಿಳಿಯಲ್ಲಿ ಇದ್ದದ್ದು ಹೊರದೇಶದ ಕಲಾವಿದರು ನುಡಿಸಿದ ಕ್ಲಾರಿನೆಟ್ಟಿನ ಒಂದೊಂದೇ ಸ್ವರದ ರೆಕಾರ್ಡಿಂಗ್. ಮಾಸ್ತರು ಊದಿದಂತೆಲ್ಲ ಅವರ ಸ್ವರಗಳು ಹೊರಬಂದವು. ಕರವಸ್ತ್ರದ ಹಿಂದಿನಿಂದ ಮಾಸ್ತರು, "ಯಾರೋ ದೊಡ್ಡ ಕಲಾವಿದ್ರು ಮೇಡಮ್. ಅವ್ರನ್ನೇ ಕರ್ಸಿ ಮದ್ವೆಗೆ," ಎಂದರು. ಎಲ್ಲರೂ ನಕ್ಕರು, ಬಿಳಿ ಅಲ್ಲಿಗೆ ಮುಗಿಯಿತು.

ಬೂದು ನನಗೇ ಇಷ್ಟವಿರಲಿಲ್ಲ. ಅದು ಕ್ಲಾರಿನೆಟ್ಟಿನ ಬಾಯಲ್ಲಿ ಅದುರುವ ತೆಳು ಸೀಳು, ಕೊಳವೆ, ಅದರೊಳಗಿನ ಗಾಳಿಯ ಅಲುಗಾಟ ಇಷ್ಟನ್ನೂ ಗಣಿತದಲ್ಲೇ ಕಟ್ಟುವ ಸಿಂಥ್. ನೋಡಲು ಕಂದಾಯ ಕಚೇರಿಯ ಹಳೆಯ ಬೀರುವಿನ ಹಾಗೆ. ಮನೆಯಲ್ಲಿ ನಾನೇ ಊದಿ ನೋಡಿದಾಗ ಕೋಳಿ ಕತ್ತು ಹಿಚುಕಿದಂತೆ ಕಿರುಚಿತ್ತು. ತೂಕವೂ ಜಾಸ್ತಿ, ಅದನ್ನು ನಡೆಸಲು ಲ್ಯಾಪ್‌ಟಾಪು ಏದುಸಿರು ಬಿಡುತ್ತಿತ್ತು. ಅವತ್ತು ಮಾಸ್ತರ ಕೈಗೆ ಕೊಡುವ ಮೊದಲೇ ಅದನ್ನು ಮುಚ್ಚಿದೆ.

ನೀಲಿ ನನ್ನ ಮುದ್ದಿನದು. ನಾಲ್ಕು ವರ್ಷದಿಂದ ಅದರ ಪರವಾಗಿ ವಾದಿಸಿದವಳು ನಾನು. ಮುಟ್ಟಿದರೆ ಸಾಕು, ತುಂಬಿದ ಕೆರೆಯ ಹಾಗೆ ದನಿ. ಅವತ್ತು ಹಾಕಿಕೊಂಡು ಹೋಗಿದ್ದು ಅದರ ಹೊಸ ಆವೃತ್ತಿ, ಪುಕ್ಕಟೆ ಪರೀಕ್ಷೆಗೆ ಕೊಡುವ ಪ್ರತಿ. ಹತ್ತು ನಿಮಿಷಕ್ಕೊಮ್ಮೆ ತಾನಾಗಿ ಮೌನವಾಗುತ್ತದೆ. ಮಾಸ್ತರು ಒಂದು ಹಾಡಿನ ನಡುವೆ ಇದ್ದಾಗ ಅದು ಗಪ್ಪನೆ ನಿಂತಿತು. ರಂಗಪ್ಪ, "ಇದ್ಕೂ ಬಾಯಿ ಸೊಟ್ಟಗಾಯ್ತೇನ್ರೀ?" ಎಂದರು. ಎಲ್ಲರಿಗಿಂತ ಮೊದಲು ಮಾಸ್ತರೇ ನಕ್ಕರು, ಬಲಗಡೆಯ ತುಟಿ ನಗದಿದ್ದರೂ ನಕ್ಕರು. ಮುಂದಿನ ವಾರ ನಾನು ಹಣ ಕೊಟ್ಟು ಪೂರ್ತಿ ಪ್ರತಿಯನ್ನೇ ಹಾಕಿಕೊಂಡು ಹೋದೆ.

ಮಾಸ್ತರ ಉಸಿರು ಸೋರುವುದು ನನಗೆ ಸಹಿಸಲಾಗುತ್ತಿರಲಿಲ್ಲ. ಒಂದು ಸಂಜೆ ಕೂತು ಅದನ್ನೂ ಸರಿಪಡಿಸಿದೆ. ಎಷ್ಟು ಮೆಲ್ಲಗೆ ಊದಿದರೂ ತುಂಬು ದನಿ ಬರುವಂತೆ, ಉಸಿರು ನಡುಗಿದರೂ ಸ್ವರ ನಡುಗದಂತೆ ನೀಲಿಯನ್ನು ಅಣಿಗೊಳಿಸಿದೆ. ಆ ಭಾನುವಾರ ಸ್ಪೀಕರಿನಿಂದ ಹೊರಟ ಸ್ವರಕ್ಕೆ ರಸ್ತೆಯಲ್ಲಿ ಹೋಗುವವರೂ ನಿಂತು ನೋಡಿದರು. ಮಾಸ್ತರು ಎರಡು ಹಾಡು ಮುಗಿಸಿ, ಕರವಸ್ತ್ರ ತೆಗೆದು, ಕೊಳವೆಯ ಬಾಯಿಯನ್ನು ನಾಜೂಕಾಗಿ ಒರೆಸಿ ನನ್ನ ಕೈಗಿಟ್ಟು, "ಭಾಳ ಚೆನ್ನಾಗೈತೆ ಮೇಡಮ್," ಎಂದರು. ಎಂಥ ಅಚ್ಚುಕಟ್ಟಿನ ಮನುಷ್ಯ ಎಂದುಕೊಂಡೆ. ಅದರ ಮುಂದಿನ ವಾರವೂ ಊದಿದರು, ಒರೆಸಿದರು, ಚೆನ್ನಾಗಿದೆ ಎಂದರು. ಅದರಾಚೆಯ ವಾರವೂ ಹಾಗೆಯೇ. ನಾನು ಕಡೂರಿಗೆ ವಾಪಸಾಗುವ ಬಸ್ಸಿನಲ್ಲಿ ಗೆದ್ದವಳ ಹಾಗೆ ಕಾಲು ಚಾಚಿ ಕೂರುತ್ತಿದ್ದೆ.

ಸಂಕ್ರಾಂತಿ ಕಳೆದ ಭಾನುವಾರ ಮಾಸ್ತರು ಶೆಡ್ಡಿಗೆ ಬರಲಿಲ್ಲ. ಮೈಗೆ ಹುಷಾರಿಲ್ಲ ಎಂದು ಹೇಳಿಕಳಿಸಿದ್ದರು. ಅದರ ಮುಂದಿನ ಭಾನುವಾರವೂ ಇಲ್ಲ. ಮದುವೆಗೆ ಮೂರು ವಾರ ಉಳಿದಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಸೋಮವಾರ ಸಂಜೆ ಲತಾಳ ಜತೆಗೇ ರೈಲು ಹತ್ತಿ ಅಜ್ಜಂಪುರಕ್ಕೆ ಹೋದೆ. ರಂಗಪ್ಪ ಜಗಲಿಯಲ್ಲಿ ಕೂತು ಲಗ್ನಪತ್ರಿಕೆಗಳ ಮೂಲೆಗೆ ಅರಿಶಿನ ಹಚ್ಚುತ್ತಿದ್ದರು.

"ನಿಮ್ಮ ಸ್ನೇಹಿತರಿಗೆ ಏನಾಗಿದೆ?" ಎಂದು ನಿಂತಲ್ಲೇ ಕೇಳಿದೆ. "ಮೂರು ವಾರ ಚೆನ್ನಾಗಿದೆ ಚೆನ್ನಾಗಿದೆ ಅಂದರು. ಈಗ ಮುಖ ತೋರಿಸುತ್ತಿಲ್ಲ."

"ಊದಿ ಆದ್ಮ್ಯಾಕೆ ಏನ್ ಮಾಡ್ದ?"

"ಏನು ಮಾಡೋದು? ಒರೆಸಿ ಕೊಟ್ಟರು."

ರಂಗಪ್ಪ ಅರಿಶಿನದ ಕೈಯಲ್ಲೇ ಹಣೆ ಚಚ್ಚಿಕೊಂಡರು. "ಅಯ್ಯೋ ನಿಮ್ಮ! ಮೂರ್ ಸಲಾನೂ ಒರೆಸ್ಕೊಟ್ನಾ? ನಾನು ಹಿಂದ್ಗಡೆ ಡ್ರಮ್ಮು ಬಿಗೀತಾ ಕುಂತಿದ್ದೆ, ನೋಡ್ಲೇ ಇಲ್ಲ. ಒರೆಸ್ಕೊಟ್ಮೇಲೆ ಮುಗೀತಲ್ರೀ!"

ಆಮೇಲೆ ಬಿಡಿಸಿ ಹೇಳಿದರು. ಒಬ್ಬರು ಪ್ರೀತಿಯಿಂದ ಕೊಟ್ಟ ವಾದ್ಯವನ್ನು ಅವರ ಎದುರಿಗೇ ಚೆನ್ನಾಗಿಲ್ಲ ಎನ್ನುವ ಪದ್ಧತಿ ಬ್ಯಾಂಡಿನವರಲ್ಲಿಲ್ಲ. ಹಿಡಿಸಿದರೆ ತೊಡೆಯ ಮೇಲಿಟ್ಟುಕೊಂಡು ಕೂರುತ್ತಾರೆ, ಕೊಟ್ಟವರು ಕೇಳಿ ಕೇಳಿ ಇಸಿದುಕೊಳ್ಳಬೇಕು. ಹಿಡಿಸದಿದ್ದರೆ ಬಾಯಿ ಒರೆಸಿ, ಹೊಗಳಿ, ವಾಪಸು ಕೊಡುತ್ತಾರೆ. ಹೊಗಳಿಕೆ ಹೆಚ್ಚಾದಷ್ಟೂ ವಾದ್ಯ ಕಳಪೆ ಎಂದು ಅರ್ಥ. ಮಾಸ್ತರು ನನಗೆ ಮೂರು ಸಲ ಬೇಡವೆಂದು ಹೇಳಿದ್ದರು. ನಾನು ಮೂರು ಸಲವೂ ಧನ್ಯವಾದ ಹೇಳಿದ್ದೆ.

ಮಾರನೆಯ ದಿನವೇ ರಜೆ ಹಾಕಿ ತರೀಕೆರೆಗೆ ಮಾಸ್ತರ ಮನೆಗೆ ಹೋದೆ. ಅವರ ಹೆಂಡತಿ ಚಹಾ ತಂದಿಟ್ಟು ಒಳಗೆ ಹೋದರು. ಗೋಡೆಯ ಗೂಟಕ್ಕೆ ಬ್ಯಾಂಡಿನ ಕೆಂಪು ಕೋಟು ತೂಗುತ್ತಿತ್ತು.

"ಮಾಸ್ತರೇ, ನಾನು ಹೊರಗಿನವಳು. ನಿಮ್ಮ ಪದ್ಧತಿ ಗೊತ್ತಿಲ್ಲ. ನನಗೆ ಬಾಯಿಬಿಟ್ಟು ಹೇಳಿ. ನೀಲಿಯಲ್ಲಿ ಏನು ಕೊರತೆ?"

ಅವರು ಚಹಾದ ಲೋಟ ಕೆಳಗಿಟ್ಟರು. "ಕೊರತೆ ಅದ್ರಲ್ಲಿಲ್ಲ ಮೇಡಮ್. ಮೊದ್ಲನೇ ವಾರ ನಂಗೆ ಅನುಮಾನ ಬಂತು. ಎರಡ್ನೇ ವಾರ ಬೇಕಂತ್ಲೇ ಊದದೆ ಇರೋ ಹಂಗೆ ಊದ್ದೆ. ಕೂಸಿನ ಉಸ್ರು ಇರ್ತದಲ್ಲ, ಅಷ್ಟೇ. ಅದೇ ದನಿ ಬಂತು. ಎದೆ ಬಿರಿಯೋ ಹಂಗೆ ಊದ್ದೆ. ಅದೇ ದನಿ." ತಲೆಯೆತ್ತಿ ನನ್ನನ್ನು ನೋಡಿದರು. "ನಾನು ಊದಿದ್ರೂ ಅಷ್ಟೇ, ಬಿಟ್ರೂ ಅಷ್ಟೇ ಅಂದ್ಮೇಲೆ ಅಲ್ಲಿ ನಂದೇನು ಕೆಲ್ಸ? ರಂಗನ ಮಗಳ ಮದ್ವೇಲಿ ಬೊಂಬೆ ಥರ ನಿಂತ್ಕೊಳ್ಳೋಕೆ ನಾಚ್ಕೆ ಆಗ್ತೈತೆ ಮೇಡಮ್."

ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಅವರಿಗೆ ಸಹಾಯ ಮಾಡುತ್ತೇನೆಂದು ಅವರ ಉಸಿರನ್ನೇ ಲೆಕ್ಕದಿಂದ ತೆಗೆದುಹಾಕಿದ್ದೆ. ಇಂಟರ್‌ನೆಟ್ಟಿನ ನನ್ನ ಜಗಳಗಳಲ್ಲಿ ಯಾವ ಸಿಂಥ್ ಚೆನ್ನಾಗಿ ಕೇಳಿಸುತ್ತದೆ ಎಂದಷ್ಟೇ ವಾದಿಸಿದ್ದೆ. ಯಾವುದು ಚೆನ್ನಾಗಿ ಕೇಳಿಸಿಕೊಳ್ಳುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಚೀಲದಿಂದ ಲ್ಯಾಪ್‌ಟಾಪು, ಸ್ಪೀಕರು ತೆಗೆದೆ.

ನಾನು ಮಾಡಿದ್ದ ತಿದ್ದುಪಡಿಗಳನ್ನೆಲ್ಲ ಕಿತ್ತುಹಾಕಿ ಬೂದುವನ್ನು ತೆರೆದೆ. ಮಾಸ್ತರು ಮನಸ್ಸಿಲ್ಲದೆ ಕೊಳವೆ ತೆಗೆದುಕೊಂಡರು. ಮೊದಲ ಉಸಿರಿಗೇ ಅದು ಕಿರುಚಿತು. ಒಳಗಿನಿಂದ ಅವರ ಹೆಂಡತಿ ಇಣುಕಿ ನೋಡಿದರು. ಮತ್ತೆ ಊದಿದರು, ಬರೀ ಗಾಳಿ. ಮತ್ತೊಮ್ಮೆ, ಅರ್ಧ ಗಾಳಿ, ಅರ್ಧ ಸ್ವರ. ಅವರ ಹುಬ್ಬು ಗಂಟಿಕ್ಕಿತು.

"ಇದು ಕಿರುಚುತ್ತೆ ಮಾಸ್ತರೇ, ಚೆನ್ನಾಗಿಲ್ಲ. ನನಗೆ ಗೊತ್ತು," ಎಂದೆ.

"ಯಾರು ಹೇಳಿದ್ದು?" ಎಂದರು, ಕಣ್ಣು ಕೊಳವೆಯಿಂದ ಕೀಳದೆ. "ಕಿರುಚ್ತೈತೆ ಅಂದ್ರೆ ನಾನು ತಪ್ಪು ಊದ್ತಿದ್ದೀನಿ ಅಂತ ಇದ್ಕೆ ಗೊತ್ತಾಗ್ತೈತೆ."

ಕೊಳವೆಯನ್ನು ಬಾಯಿಯ ಎಡಕ್ಕೆ ಸರಿಸಿಕೊಂಡರು, ಗಟ್ಟಿಯಿದ್ದ ತುಟಿಯ ಕಡೆಗೆ. ತಳದ ಸ್ವರವೊಂದು ಮೆಲ್ಲಗೆ ಎದ್ದು, ಹಿಗ್ಗಿ, ಅವರ ಉಸಿರು ತೀರಿದಲ್ಲಿ ತಾನೂ ತೀರಿತು. ಆಗ ಅವರು ಕೊಳವೆಯನ್ನು ತೊಡೆಯ ಮೇಲಿಟ್ಟುಕೊಂಡು ಇನ್ನೊಂದು ಚಹಾ ಕೇಳಿದರು. ನಾನು ಕೈ ಚಾಚಲಿಲ್ಲ. ಲ್ಯಾಪ್‌ಟಾಪು, ಸ್ಪೀಕರು ಎಲ್ಲವನ್ನೂ ಅಲ್ಲೇ ಬಿಟ್ಟು ಬರಿಗೈಯಲ್ಲಿ ಕಡೂರಿಗೆ ಬಂದೆ. ಆ ಮೂರು ವಾರ ನಾನು ಒಂದು ಹಾಡೂ ಕಟ್ಟಲಿಲ್ಲ, ಕಟ್ಟಬೇಕು ಅನ್ನಿಸಲೂ ಇಲ್ಲ.

ಅವರು ಬೆಳಿಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷದಿಂದ ಶುರುಮಾಡಿ ಮೂರನೆಯ ವಾರಕ್ಕೆ ಅರ್ಧ ಗಂಟೆಗೆ ಬಂದರು. ಸೋರುವ ಗಾಳಿ ನಿಲ್ಲಲಿಲ್ಲ. ಆದರೆ ಬೂದು ಅದನ್ನೂ ದನಿಯೊಳಗೆ ಸೇರಿಸಿಕೊಂಡು, ತಳದ ಸ್ವರಗಳಿಗೆ ಪಿಸುಮಾತಿನಂಥದೊಂದು ಅಂಚು ಕೊಡುತ್ತಿತ್ತು. ಕೊನೆಯ ಭಾನುವಾರ ಶೆಡ್ಡಿನಲ್ಲಿ ಎಲ್ಲರೂ ಕೂಡಿದಾಗ ಬ್ಯಾಂಡಿನ ಸ್ಯಾಕ್ಸೋಫೋನ್ ನುಡಿಸುವವನು, "ನೀಲೀನೇ ಗ್ರ್ಯಾಂಡಾಗಿತ್ತು ಮಾಸ್ತ್ರೇ, ಜನಕ್ಕೆ ಅದೇ ಸಾಕು," ಎಂದ. ಮಾಸ್ತರು ನನ್ನ ಕಡೆ ನೋಡಿದರು. "ಬೂದು," ಎಂದೆ. ನಾಲ್ಕು ವರ್ಷದ ನನ್ನ ವಾದ ಆ ಎರಡಕ್ಷರದಲ್ಲಿ ನೆಲಕಚ್ಚಿತು, ನನಗೇನೂ ಬೇಜಾರಾಗಲಿಲ್ಲ.

ಒಂದು ತಲೆನೋವು ಉಳಿದಿತ್ತು. ಬೂದುವಿಗೆ ಲೆಕ್ಕ ಹಾಕಲು ಸ್ವಲ್ಪ ಸಮಯ ಕೊಟ್ಟರೆ ಸ್ವರ ನುಣ್ಣಗೆ ಬರುತ್ತದೆ, ಆದರೆ ಕಣ್ಣು ಮಿಟುಕಿಸುವಷ್ಟು ತಡವಾಗಿ. ಸಮಯ ಕಡಿಮೆ ಮಾಡಿದರೆ ಊದಿದ ಕೂಡಲೇ ಬರುತ್ತದೆ, ಆದರೆ ನಡುನಡುವೆ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಚಟಪಟ ಸದ್ದು. ಶೆಡ್ಡಿನ ತಂಪಿನಲ್ಲಿ ಎರಡರ ನಡುವೆ ಹೇಗೋ ಹೊಂದಿಸಿಕೊಂಡಿದ್ದೆ.

ಬೀಗರನ್ನು ಎದುರುಗೊಳ್ಳುವುದು ಮದುವೆಯ ಹಿಂದಿನ ದಿನ ಮಧ್ಯಾಹ್ನ ಮೂರಕ್ಕೆ. ಮಾಘದಲ್ಲೇ ಅಜ್ಜಂಪುರದ ಬಿಸಿಲು ನೆತ್ತಿ ಸುಡುತ್ತಿತ್ತು. ತಳ್ಳುಗಾಡಿಯ ಮೇಲೆ ಬ್ಯಾಟರಿ, ಸ್ಪೀಕರು, ಲ್ಯಾಪ್‌ಟಾಪು. ಅದಕ್ಕೆ ಕೊಡೆ ಹಿಡಿದು ನಾನು. ಶಿವನಿಯಿಂದ ಬಂದ ಬಸ್ಸು ಛತ್ರದ ಬೀದಿಯ ಕೊನೆಯಲ್ಲಿ ನಿಂತು, ಗಂಡಿನ ಕಡೆಯವರು ಇಳಿದರು. ರಂಗಪ್ಪ ಅವತ್ತು ಹೆಣ್ಣಿನ ತಂದೆ, ಡ್ರಮ್ಮು ಮುಟ್ಟುವಂತಿಲ್ಲ. ರೇಷ್ಮೆ ಪಂಚೆಯುಟ್ಟು ಛತ್ರದ ಬಾಗಿಲಲ್ಲಿ ನಿಂತಿದ್ದರು. ಮೇಲಿನ ಕಿಟಕಿಯಲ್ಲಿ ಲತಾಳ ಮುಖ. ಕೆಂಪು ಕೋಟು ತೊಟ್ಟ ಮಾಸ್ತರು ತಾಳವನ್ನು ಬೇರೆಯವರ ಕೈಗಿಟ್ಟು, ಸಾಲು ದಾಟಿ ಮುಂದೆ ಬಂದು ನಿಂತರು. ಬಿಸಿಲಿಗೆ ಲ್ಯಾಪ್‌ಟಾಪು ಕಾದ ಹಂಚಾಗಿತ್ತು. ಇಷ್ಟು ಜನರೆದುರು ಚಟಪಟ ಎಂದರೆ ಅವರ ಮಾನ ಹೋದೀತೆಂದು ನಾನು ಯಾರಿಗೂ ಹೇಳದೆ ಬೂದುವಿನ ಲೆಕ್ಕದ ಸಮಯವನ್ನು ಹೆಚ್ಚಿಸಿದೆ.

ಮಾಸ್ತರು ಊದಿದರು. ಮೊದಲು ಗಾಳಿ, ಅದರೊಳಗಿನಿಂದ ಸ್ವರ. ಬೀಗರ ಗುಂಪಿನ ಮಾತು ತಾನಾಗಿ ನಿಂತಿತು. ಬ್ಯಾಂಡು ಹಿಂದಿನಿಂದ ಕೂಡಿಕೊಂಡಿತು, ಎಲ್ಲರೂ ಹೆಜ್ಜೆ ಹಾಕಿದರು. ಹತ್ತು ಹೆಜ್ಜೆ ನಡೆದಿರಬೇಕು, ಮಾಸ್ತರು ಹಾಡಿನ ನಡುವೆಯೇ ಫಕ್ಕನೆ ನಿಲ್ಲಿಸಿ ಕೈಯೆತ್ತಿದರು. ಬ್ಯಾಂಡು ನಿಂತಿತು, ಬೀಗರು ನಿಂತರು. ಲ್ಯಾಪ್‌ಟಾಪು ಕೈಕೊಟ್ಟಿತೆಂದು ನಾನು ಪರದೆಯ ಮೇಲೆ ಬಗ್ಗಿದೆ.

ಮಾಸ್ತರು ಹಿಂದಕ್ಕೆ ತಿರುಗಿದರು. "ಲೇ, ಡ್ರಮ್ಮು ಬಾರಿಸ್ತೀಯೋ ರಾಗಿ ಬೀಸ್ತೀಯೋ? ನೀನೇನೋ ಸ್ಯಾಕ್ಸು, ಊಟದ ಎಲೆ ಹಾಕೋಕೆ ಓಡ್ತಿದ್ದೀಯಾ? ನಿಧಾನ!" ಆಮೇಲೆ ನನ್ನ ಕಡೆ ಬೆರಳು ತೋರಿಸಿದರು. "ನೀವೂ ಮೇಡಮ್. ಹಿಂದೆ ಬೀಳ್ತಿದ್ದೀರ. ನಾನು ಊದಿ ಆದ್ಮೇಲೆ ಬತ್ತೈತೆ ಸ್ವರ."

"ಮಾಸ್ತರೇ, ಬೇಗ ಮಾಡಿದರೆ ಚಟಪಟ ಅನ್ನುತ್ತೆ. ಇಷ್ಟು ಜನ..."

"ಅನ್ಲಿ! ಸತ್ತಾರ್ ತಪ್ಪು ಊದ್ದ ಅಂತಾರೆ, ಅನ್ಲಿ. ತಡ ಮಾತ್ರ ಆಗ್ಬಾರ್ದು. ಬ್ಯಾಂಡ್ ಜತೆ ನಿಂತ್ಮೇಲೆ ಬ್ಯಾಂಡ್ನೋರ ಹಂಗೆ ನಿಲ್ಲಿ."

ನಡುಬೀದಿಯಲ್ಲಿ, ನನ್ನ ವಿದ್ಯಾರ್ಥಿನಿಯ ಕಣ್ಣೆದುರಿಗೇ, ನಾನು ತಲೆತಗ್ಗಿಸಿ "ಆಯ್ತು ಮಾಸ್ತರೇ" ಎಂದು ಸಮಯವನ್ನು ತಳಕ್ಕೆ ಇಳಿಸಿದೆ. ಛತ್ರದ ಬಾಗಿಲಲ್ಲಿ ರಂಗಪ್ಪ ಎರಡೂ ಕೈ ಎತ್ತಿ, ನಗುತ್ತಲೇ ಅಳುತ್ತಾ, ಮೇಲಿನ ಕಿಟಕಿಗೆ ಮುಖ ಮಾಡಿ ಕೂಗುತ್ತಿದ್ದರು.

"ಲತಾ, ಕೇಳಿಸ್ತೇನೇ? ಬೈತವ್ನೆ ಕಣೇ! ನಿಮ್ ಮಾಮ ಎಲ್ರಿಗೂ ಬೈತವ್ನೆ!"